ಸಂಪರ್ಕ ಮೇಷ್ಟ್ರು

ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಆಸುಪಾಸಿನ ಯಾವ ದರ್ಶಿನಿಗಾದರೂ ಸಂಜೆ ಆರರ ಮೇಲೆ ಹೋಗಿ ನೋಡಿ, ಸಂಪರ್ಕ ಮೇಷ್ಟ್ರು ಅಲ್ಲಿರುತ್ತಾರೆ. ಒಂದು ಕೈಯಲ್ಲಿ ಬೈಟು ಕಾಫಿ, ಇನ್ನೊಂದರಲ್ಲಿ ಫೋನು. ಎದುರಿಗೆ ಅಧ್ಯಯನ ಮಂಡಳಿಯ (ಬಿಒಎಸ್) ಸದಸ್ಯರು, ಪಕ್ಕದಲ್ಲಿ ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು. ಮೇಷ್ಟ್ರ ಪ್ರಬಂಧ ಓದಿದವರು ಸಿಗುವುದು ಕಷ್ಟ. ಅವರೊಂದಿಗೆ ಕಾಫಿ ಕುಡಿಯದವರು ಸಿಗುವುದು ಇನ್ನೂ ಕಷ್ಟ.

2010ರಲ್ಲಿ ಯುಜಿಸಿ ಬಡ್ತಿಗೆ ಎಪಿಐ ಅಂಕ ತಂದಾಗ ಎಷ್ಟೋ ಜನ ಕಂಗಾಲಾದರು. ಮೇಷ್ಟ್ರಿಗೆ ಹಬ್ಬ. ಸಂಕಿರಣದ ಉಪನ್ಯಾಸಕ್ಕೂ ಅಂಕವಿತ್ತಲ್ಲ! ತುಮಕೂರಿನ ಗೆಳೆಯರನ್ನು ಇವರು ಕರೆದರು, ಇವರನ್ನು ಅವರು ಕರೆದರು. ಮದುವೆಮನೆಯ ಮುಯ್ಯಿಯೂ ಇಷ್ಟು ಚೊಕ್ಕವಾಗಿ ಹಿಂತಿರುಗುವುದಿಲ್ಲ.

ಹೆಂಗಸರ ಬಗ್ಗೆ ಅವರಿಗೆ ಅಪಾರ ಕರುಣೆ. "ಪಾಪ, ಮೇಡಂಗೆ ಮನೆ ಇರುತ್ತೆ, ಸಂಜೆ ಮೀಟಿಂಗಿಗೆ ಯಾಕೆ ತೊಂದರೆ ಕೊಡೋದು?" ತಮಗೂ ಒಂದು ಮನೆಯಿದೆ ಎಂಬುದು ಅವರಿಗೆ ನೆನಪಾಗುವುದು ರಾತ್ರಿ ಊಟದ ಹೊತ್ತಿಗೆ. ಹೀಗಾಗಿ ವಿಭಾಗದ ಮೇಡಂ ಪಾಲಿಗೆ ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ. 2020-21ರ ಕೇಂದ್ರ ಸಮೀಕ್ಷೆಯ ಪ್ರಕಾರ ದೇಶದ ಉನ್ನತ ಶಿಕ್ಷಣದಲ್ಲಿ 100 ಅಧ್ಯಾಪಕರಿಗೆ 75 ಅಧ್ಯಾಪಕಿಯರು. ವೇದಿಕೆ ಮೇಲಿನ ಕುರ್ಚಿಗಳಿಗೆ ಈ ಲೆಕ್ಕ ಇನ್ನೂ ತಲುಪಿಲ್ಲ. 2020ರಲ್ಲಿ ಇಬ್ಬರು ವಿಜ್ಞಾನಿಗಳು 'ಬಯಾಸ್‌ವಾಚ್ ಇಂಡಿಯಾ' ಶುರುಮಾಡಿ, ವಿಜ್ಞಾನ ಸಮ್ಮೇಳನಗಳಲ್ಲಿ ಎಷ್ಟು ಹೆಂಗಸರು ಮಾತಾಡುತ್ತಾರೆಂದು ಎಣಿಸತೊಡಗಿದರು. ಮೇಷ್ಟ್ರಿಗೆ ಭಯವಿಲ್ಲ: "ನಮ್ಮದು ಕಲಾ ವಿಭಾಗ."

ಮೇಷ್ಟ್ರ ಸಂಜೆ ಕಾಫಿಯ ಹೊತ್ತಿಗೆ ಮೇಡಂ ಕೆಂಗೇರಿ ಕಡೆಯಿಂದ ಬರುವ ಮೆಟ್ರೊದ ಮೊದಲ ಬೋಗಿಯಲ್ಲಿ, ಹೆಂಗಸರ ನಡುವೆ ಇರುತ್ತಾರೆ. ಅಲ್ಲೂ ಸಂಪರ್ಕ ನಡೆಯುತ್ತದೆ. ಯಾವ ಜರ್ನಲ್ ಬೋಗಸ್, ಯಾವ ಗೈಡ್ ಹತ್ತಿರ ಹುಡುಗಿಯರನ್ನು ಕಳಿಸಬಾರದು, ಎಲ್ಲವೂ ನಾಯಂಡಹಳ್ಳಿ ದಾಟಿ ಅತ್ತಿಗುಪ್ಪೆ ಬರುವಷ್ಟರಲ್ಲಿ ಇತ್ಯರ್ಥ. ಅದಕ್ಕೆ ಸರ್ಟಿಫಿಕೇಟು ಕೊಡುವವರಿಲ್ಲ, ಅಷ್ಟೆ.

ಮಾರ್ಚ್ 8 ಬಂದರೆ ಮೇಷ್ಟ್ರು ಗದ್ಗದಿತರಾಗುತ್ತಾರೆ. 1933ರಲ್ಲಿ ಕಮಲಾ ಭಾಗವತ್, ಅಂದರೆ ಮುಂದಿನ ಕಮಲಾ ಸೋಹೊನಿ, ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಬೇಡವೆಂದದ್ದು, ಆಕೆ ಹಟ ಹಿಡಿದ ಮೇಲೆ ಒಂದು ವರ್ಷದ ಷರತ್ತು ಹಾಕಿ ಸೇರಿಸಿಕೊಂಡದ್ದು, ಎಲ್ಲ ವಿವರಿಸಿ "ರಾಮನ್ ಹಾಗೆ ಮಾಡಬಾರದಿತ್ತು" ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. ಮಹಿಳಾ ದಿನದ ಆ ಗೋಷ್ಠಿಯ ಆಶಯ ಭಾಷಣ ತುಮಕೂರಿನ ಗೆಳೆಯರದು, ಅಧ್ಯಕ್ಷತೆ ಮೇಷ್ಟ್ರದು.

"ಅಧ್ಯಕ್ಷತೆಗೆ ಮೇಡಂ ಅವರನ್ನೇ ಕೇಳಬಹುದಿತ್ತಲ್ಲ ಸಾರ್?" ಎಂದು ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕೇಳಿಯೇಬಿಟ್ಟಳು.

"ಕೇಳೋಣ ಅಂತಲೇ ಇದ್ದೆನಮ್ಮ," ಎಂದರು ಮೇಷ್ಟ್ರು, ಎರಡು ಸಿಮ್ಮಿನ ಫೋನನ್ನು ಜೇಬಿಗಿಳಿಸುತ್ತ. "ನಂಬರ್ ಇರಲಿಲ್ಲ."

ಮೇಡಂ ಕೂರುವುದು ಮೇಷ್ಟ್ರ ಪಕ್ಕದ ಮೇಜಿನಲ್ಲಿ.