ಸಾಲ ಮಾಡದವಳ ಸಾಲದ ಅರ್ಜಿ

ಪಕ್ಕದ ಮನೆ ಅಕ್ಕನಿಗೂ ನನಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಸಂಜೆ ಅವರು ಮಲ್ಲಿಗೆ ಬಳ್ಳಿಗೆ ನೀರು ಹಾಕಲು ಬರುತ್ತಾರೆ, ನಾನು ಒಣಗಿದ ಬಟ್ಟೆ ತೆಗೆಯಲು ಬರುತ್ತೇನೆ, ಮಾತು ಎಲ್ಲಿಂದಲೋ ಶುರುವಾಗುತ್ತದೆ. ಈಚೆಗೆ ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುವುದು ಮಗಳ ಮನೆ ಸಾಲದ ಹತ್ತಿರವೇ.

ಹುಡುಗಿಗೆ ಇಪ್ಪತ್ತೇಳು. ಮೈಸೂರಿನಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಪಿಎಫ್ ಎಲ್ಲ ಕಳೆದು ಕೈಗೆ 38 ಸಾವಿರ. ಅಪ್ಪ ಇಲ್ಲ, ಅಕ್ಕ ಹೊಲಿಗೆ ಮಿಷನ್ ತುಳಿದೇ ಓದಿಸಿದ್ದು. ಬಾಡಿಗೆ ಮನೆ ಬಿಟ್ಟು ಸ್ವಂತದ್ದೊಂದಕ್ಕೆ ಹೋಗಬೇಕೆಂದು ಊರ ಅಂಚಿನಲ್ಲಿ ಒಂದು ಹಳೇ ಮನೆ ನೋಡಿದ್ದಾರೆ, 27 ಲಕ್ಷ ಹೇಳುತ್ತಿದ್ದಾರೆ. ಬ್ಯಾಂಕಿಗೆ ಹೋದರೆ ಅಲ್ಲಿದ್ದವರು ಕಂಪ್ಯೂಟರ್ ನೋಡಿ, ‘ನಿಮಗೆ ಸಿಬಿಲ್ ಸ್ಕೋರೇ ಇಲ್ಲವಲ್ಲಮ್ಮ, ಕಷ್ಟ’ ಅಂದರಂತೆ.

“ನೀವು ಬ್ಯಾಂಕಲ್ಲಿ ಇದ್ದವರು, ನೀವೇ ಹೇಳಿ. ಯಾರ ಮುಂದೆಯೂ ಕೈ ಒಡ್ಡದೆ ಇದ್ದೆವಲ್ಲ, ಅದೇ ತಪ್ಪಾಯಿತಾ?” ಅಂದರು ಅಕ್ಕ. ಆ ಮಾತು ನನಗೆ ನಾಟಿತು. ಮರ್ಯಾದೆಯಿಂದ ಬಾಳಿದ ಒಂದು ಮನೆಯವರು ತಮ್ಮ ಮರ್ಯಾದೆಯ ಬಗ್ಗೆಯೇ ಅನುಮಾನ ಪಡುವ ಹಾಗೆ ಆಗಬಾರದು.

ತಪ್ಪಲ್ಲ ಅಕ್ಕ, ಖಂಡಿತ ಅಲ್ಲ. ಆ ಸ್ಕೋರು ಏನನ್ನು ಅಳೆಯುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಂಡರೆ ಅರ್ಧ ಸಂಕಟ ಕಳೆಯುತ್ತದೆ. ಸಿಬಿಲ್ ಅನ್ನುವುದು 2000ದಲ್ಲಿ ಶುರುವಾದ ಒಂದು ಕಂಪನಿ. ನಮ್ಮ ದೇಶದಲ್ಲಿ ಅಂಥವು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಯಾರು ಎಲ್ಲಿ ಎಷ್ಟು ಸಾಲ ತೆಗೆದರು, ಯಾವ ಕಂತು ಯಾವತ್ತು ಕಟ್ಟಿದರು ಅನ್ನುವ ಲೆಕ್ಕವನ್ನು ಬ್ಯಾಂಕುಗಳು ಇವರಿಗೆ ಕಳಿಸುತ್ತವೆ. ಅದರಿಂದ 300ರಿಂದ 900ರ ಒಳಗೆ ಒಂದು ಅಂಕಿ ಹುಟ್ಟುತ್ತದೆ. 750ರ ಮೇಲಿದ್ದರೆ ಬ್ಯಾಂಕಿನವರಿಗೆ ಸಮಾಧಾನ. ಸಾಲವನ್ನೇ ಮಾಡದವರಿಗೆ ಅಂಕಿ ಹುಟ್ಟುವುದಿಲ್ಲ. ಆ ಜಾಗದಲ್ಲಿ ‘ಎನ್‌ಎಚ್’ ಅಂತಲೋ ಮೈನಸ್ ಒಂದು ಅಂತಲೋ ಬರುತ್ತದೆ. ಚರಿತ್ರೆ ಇಲ್ಲ ಅಂತ ಅದರ ಅರ್ಥ, ಕೆಟ್ಟ ಚರಿತ್ರೆ ಅಂತಲ್ಲ. ತಿಂಗಳು ತಪ್ಪದೆ ಬಾಡಿಗೆ ಕಟ್ಟಿದ್ದು, ಆರ್‌ಡಿ ತುಂಬಿದ್ದು, ಅಂಗಡಿ ಲೆಕ್ಕ ಚುಕ್ತಾ ಮಾಡಿದ್ದು, ಇದ್ಯಾವುದೂ ಸಾಮಾನ್ಯವಾಗಿ ಆ ಪುಸ್ತಕಕ್ಕೆ ಹೋಗುವುದಿಲ್ಲ. ನಿಮ್ಮ ಮಗಳ ನಿಯತ್ತನ್ನು ಯಾರೂ ಅಳೆದು ಕಡಿಮೆ ಅಂದಿಲ್ಲ. ಅಳೆದೇ ಇಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಅಂಕಿ ಇರಲಿಲ್ಲ. ಮ್ಯಾನೇಜರು ಅರ್ಜಿದಾರರ ಮನೆಗೇ ಹೋಗಿ ಬರುತ್ತಿದ್ದರು, ಬೀದಿಯ ಅಂಗಡಿಯವರನ್ನು ವಿಚಾರಿಸುತ್ತಿದ್ದರು. ಪಿಗ್ಮಿ ಕಲೆಕ್ಟರ ಒಂದು ಮಾತು ದೊಡ್ಡ ಸಾಕ್ಷಿ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಮನೆಬಾಗಿಲಿಗೆ ಬಂದವರ ಕೈಗೆ ಮಳೆಗಾಲದಲ್ಲೂ ತಪ್ಪದೆ ದುಡ್ಡಿಟ್ಟವರು ಯಾರು ಅನ್ನುವುದು ಕಲೆಕ್ಟರಿಗೆ ಗೊತ್ತಿರುತ್ತಿತ್ತು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ವಿಚಾರಿಸಿದವರ ಜಾತಿ, ಪರಿಚಯ, ಮುಲಾಜು ಎಲ್ಲ ಅದರಲ್ಲಿ ಸೇರುತ್ತಿತ್ತು. ಗಂಡನಿಲ್ಲದ ಹೆಂಗಸು ಒಬ್ಬಳೇ ಬಂದು ಕೂತರೆ, ‘ನಿಮ್ಮ ಕಡೆ ಗಂಡಸರು ಯಾರಿದ್ದಾರೆ?’ ಅನ್ನುವುದು ಮೊದಲ ಪ್ರಶ್ನೆ. ಅಂಕಿಗೆ ಆ ದೋಷ ಇಲ್ಲ. ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಊರು ಕೇರಿ ಗೊತ್ತಿಲ್ಲ. ಆದರೆ ಸಾಲದ ಬಾಗಿಲಿಗೇ ಹೋಗದವರೂ ಅದಕ್ಕೆ ಗೊತ್ತಿಲ್ಲ.

ಇದಕ್ಕೆ ರಿಸರ್ವ್ ಬ್ಯಾಂಕಿನ ಮಾತೇ ಇದೆ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಸಾಲದ ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಅಂತ 2025ರ ಜನವರಿ 6ರ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆಯ ರಾಜ್ಯ ಸಚಿವರು ಇದನ್ನು ಲೋಕಸಭೆಯಲ್ಲೂ ಹೇಳಿದರು. ಹಾಗಂತ ಸಾಲ ಕೊಟ್ಟೇ ಕೊಡಬೇಕು ಅಂತೇನಿಲ್ಲ. ಸಂಬಳ, ಕೆಲಸ, ಮನೆ ಪತ್ರ ನೋಡಿ ಬ್ಯಾಂಕು ತೀರ್ಮಾನಿಸಬಹುದು. ಅದನ್ನೆಲ್ಲ ನೋಡಬೇಕು ಅನ್ನುವುದೇ ನಮ್ಮ ಕೇಳಿಕೆ.

ಈ ಮಾತಿನ ನಡುವೆ ಮಗಳೂ ಆಸ್ಪತ್ರೆಯಿಂದ ಬಂದು ಗೋಡೆಗೆ ಒರಗಿ ನಿಂತಳು. “ಆಂಟಿ, ನಮ್ಮ ಲ್ಯಾಬಲ್ಲಿ ಎಲ್ಲರೂ ಹೇಳ್ತಾರೆ, ಒಂದು ಫೋನ್ ಇಎಂಐಲಿ ತಗೋ, ಸ್ಕೋರ್ ತಾನಾಗೇ ಬರತ್ತೆ ಅಂತ.”

ಬೇಡ ಪುಟ್ಟಿ. ಬೇಕಿಲ್ಲದ ವಸ್ತುವಿಗೆ ಸಾಲ ಮಾಡಿ ಒಳ್ಳೆಯವಳು ಅನಿಸಿಕೊಳ್ಳುವ ದಾರಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಫೋನಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಅಂತ ಬರುತ್ತದಲ್ಲ, ಅದರಲ್ಲೂ ಎಷ್ಟೋ ಸಲ ಹಿಂದೆ ಒಂದು ಸಾಲದ ಖಾತೆಯೇ ತೆರೆದಿರುತ್ತದೆ. ಮುನ್ನೂರು ರೂಪಾಯಿ ಮರೆತರೂ ಅದು ನಿನ್ನ ಹೆಸರಿಗೆ ದಾಖಲಾಗಬಹುದು. ಗೆಳತಿಯ ಸಾಲಕ್ಕೆ ಜಾಮೀನು ರುಜು ಹಾಕುವುದೂ ಹಾಗೆಯೇ. ಅವಳು ಕಟ್ಟದಿದ್ದರೆ ನಿನ್ನ ವರದಿಯೂ ಕೆಡುತ್ತದೆ. ಇನ್ನು ಐದಾರು ಬ್ಯಾಂಕಿಗೆ ಒಟ್ಟಿಗೇ ಅರ್ಜಿ ಹಾಕಿಬಿಡೋಣ ಅನ್ನಬೇಡ. ಒಂದೊಂದು ಬ್ಯಾಂಕು ವರದಿ ತೆಗೆದಾಗಲೂ ಅದು ಅಲ್ಲಿ ಬರೆದಿರುತ್ತದೆ. ಈ ಹುಡುಗಿಗೆ ದುಡ್ಡಿನ ಅವಸರ ಬಿದ್ದಿದೆ ಅಂತ ನೋಡಿದವರು ತಿಳಿಯುತ್ತಾರೆ.

ಆರೇಳು ತಿಂಗಳು ಕಾಯುವ ವ್ಯವಧಾನ ಇದ್ದರೆ ಒಂದು ನೇರ ದಾರಿ ಇದೆ. ನಿನ್ನದೇ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬಹುದು. ಸಂಬಳದ ಚೀಟಿಯನ್ನೂ ಹೆಚ್ಚು ಕೇಳುವುದಿಲ್ಲ, ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಹೇಗೂ ಮಾಡುವ ಖರ್ಚನ್ನೇ, ಸ್ಕೂಟರಿಗೆ ಪೆಟ್ರೋಲು, ಮನೆಗೆ ದಿನಸಿ, ಅದರಲ್ಲಿ ಮಾಡಿ, ಬಿಲ್ಲು ಬಂದಾಗ ಕೊನೆಯ ದಿನಕ್ಕೆ ಮುಂಚೆ ಪೂರ್ತಿ ಕಟ್ಟು. ‘ಮಿನಿಮಮ್ ಡ್ಯೂ’ ಅಂತ ಸಣ್ಣ ಅಂಕಿಯೊಂದನ್ನು ತೋರಿಸುತ್ತಾರೆ, ಅದನ್ನು ನಂಬಬೇಡ; ಉಳಿದದ್ದಕ್ಕೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೇ ನೂರಕ್ಕೆ ಮೂರರ ಮೇಲೆ ಬಡ್ಡಿ ಬೀಳುತ್ತದೆ. ಮಿತಿಯ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಬಳಸಿದರೆ ಒಳ್ಳೆಯದು. ಹೀಗೆ ಹುಟ್ಟುವ ಸ್ಕೋರಿಗೆ ಒಂದು ಪೈಸೆ ಬಡ್ಡಿ ತೆತ್ತಿರುವುದಿಲ್ಲ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆದು ನೋಡು. ನಿನ್ನ ಪ್ಯಾನ್ ನಂಬರಿನಲ್ಲಿ ಬೇರೆ ಯಾರದೋ ಸಾಲ ಕೂತಿದ್ದರೆ ಈಗಲೇ ಗೊತ್ತಾಗಲಿ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮವಿದೆ.

ಅಕ್ಕನಿಗೆ ಸ್ಕೋರಿನ ಕತೆ ಸಾಕಾಗಿತ್ತು. “ಅದಿರಲಿ, ತಿಂಗಳಿಗೆ ಎಷ್ಟು ಕಟ್ಟಬೇಕು? ಕೈಯಿಂದ ಎಷ್ಟು ಹಾಕಬೇಕು?” ಅಂದರು. ಹೊಲಿಗೆ ಬಟ್ಟೆಯ ಲೆಕ್ಕವನ್ನು ಇಂಚಿನವರೆಗೆ ಇಡುವವರು ಅವರು, ಬಾಯಿಮಾತಿನ ಸಮಾಧಾನ ಅವರಿಗೆ ಆಗುವುದಿಲ್ಲ.

ಲೆಕ್ಕ ಹೀಗಿದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ನೂರಕ್ಕೆ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಬಿಟ್ಟಿದೆ. 27 ಲಕ್ಷಕ್ಕೆ ಅದು 24 ಲಕ್ಷ ಚಿಲ್ಲರೆ. ಆದರೆ ಸಂಬಳ ಅಷ್ಟನ್ನು ತಡೆಯಬೇಕಲ್ಲ. ಬರುವ ಸಂಬಳದ ಸುಮಾರು ಅರ್ಧದೊಳಗೆ ಎಲ್ಲ ಕಂತೂ ಮುಗಿಯಬೇಕು ಅಂತ ಬ್ಯಾಂಕಿನವರು ನೋಡುತ್ತಾರೆ, 38 ಸಾವಿರಕ್ಕೆ ಅದು 19 ಸಾವಿರ. ಬಡ್ಡಿ ಎಂಟೂವರೆ ಅಂತ ಹಿಡಿದರೆ, 22 ಲಕ್ಷಕ್ಕೆ 20 ವರ್ಷದ ಕಂತು 19,092 ರೂಪಾಯಿ. ಅದನ್ನೇ 30 ವರ್ಷಕ್ಕೆ ಎಳೆದರೆ 16,916. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಹಗುರ ಅನಿಸುತ್ತದೆ. ಒಟ್ಟು ಬಡ್ಡಿ ನೋಡಿದರೆ 20 ವರ್ಷಕ್ಕೆ ಸುಮಾರು 23.8 ಲಕ್ಷ, 30 ವರ್ಷಕ್ಕೆ ಸುಮಾರು 38.9 ಲಕ್ಷ. ಹದಿನೈದು ಲಕ್ಷದ ವ್ಯತ್ಯಾಸ ಅಕ್ಕ! ಇನ್ನೊಂದು ಅರ್ಧ ಮನೆ. ಹಾಗೂ ಮೊದಲಿಗೆ 30 ವರ್ಷವೇ ಒಪ್ಪಬೇಕಾಗಿ ಬಂದರೆ, ಬೋನಸ್ಸು ಬಂದಾಗಲೆಲ್ಲ ಅಸಲಿಗೆ ಕಟ್ಟುತ್ತ ಬರಲಿ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಕೈಯಿಂದ ಹಾಕುವ ದುಡ್ಡಿನಲ್ಲೇ ಹೆಚ್ಚು ಜನ ಎಡವುವುದು. 27ಕ್ಕೆ 22 ಸಾಲ ಸಿಕ್ಕರೆ ಐದು ಲಕ್ಷ ಹೊಂದಿಸಿದರಾಯಿತು ಅಂದುಕೊಳ್ಳುತ್ತಾರೆ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರಿಂದ ಎರಡಾಗಿದೆ. ಎಲ್ಲ ಸೇರಿ ಏಳೂವರೆಯ ಮೇಲೆ, ಅಂದರೆ ಈ ಮನೆಗೆ ಎರಡು ಲಕ್ಷ ದಾಟುತ್ತದೆ. ಇದನ್ನು ಮನೆಯ ಬೆಲೆಯಲ್ಲಿ ಸೇರಿಸಿ ಬ್ಯಾಂಕು ಸಾಲ ಕೊಡುವುದಿಲ್ಲ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಸಾಮಾನು ಸಾಗಿಸುವ ಲಾರಿ ಅಂತ ಸೇರಿಸಿದರೆ ಎಂಟು ಲಕ್ಷ ಕೈಯಲ್ಲಿಲ್ಲದೆ ಅಡ್ವಾನ್ಸ್ ಕೊಡಲೇಬಾರದು. ನಿಮ್ಮ ಬಳೆ, ಸರ ಮಾರುವ ಯೋಚನೆಗೆ ಮುಂಚೆ ಇನ್ನೊಂದು ವಿಚಾರಿಸಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರದ ಎರಡನೇ ಹಂತದಲ್ಲಿ ಬಡ್ಡಿ ಸಹಾಯಧನ ಇದೆ. ಮನೆಯವರ ಹೆಸರಿನಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಕುಟುಂಬದ ವರಮಾನ ವರ್ಷಕ್ಕೆ 9 ಲಕ್ಷದೊಳಗಿರಬೇಕು, ಮನೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಅಂಥವರಿಗೆ ಐದು ವಾರ್ಷಿಕ ಕಂತಿನಲ್ಲಿ ಒಟ್ಟು 1.80 ಲಕ್ಷದವರೆಗೆ ಸಾಲದ ಖಾತೆಗೇ ಬೀಳುತ್ತದೆ. ನಿಮ್ಮ ಲೆಕ್ಕ ಎಲ್ಲವೂ ಇದರೊಳಗೆ ಬರುತ್ತದೆ.

“ನನ್ನ ಹೊಲಿಗೆ ದುಡ್ಡನ್ನೂ ಸೇರಿಸಿಕೊಳ್ಳುತ್ತಾರಾ?” ಅಂದರು ಅಕ್ಕ. ಕೈಗೆ ಕೈ ಬಂದ ದುಡ್ಡನ್ನು ಸೇರಿಸುವುದು ಕಷ್ಟ. ರಿಟರ್ನ್ಸ್ ಹಾಕಿದ್ದರೆ, ಬ್ಯಾಂಕಿನ ಖಾತೆಗೆ ಬರುತ್ತಿದ್ದರೆ ಅದಕ್ಕೆ ಬೆಲೆ. ಇವತ್ತಿನಿಂದ ಹೊಲಿಗೆ ಕೂಲಿಯನ್ನು ನಿಮ್ಮ ಖಾತೆಗೇ ಹಾಕಿಸಿಕೊಳ್ಳಿ. ವರಮಾನ ಲೆಕ್ಕಕ್ಕೆ ಬರದಿದ್ದರೂ ನೀವು ಮಗಳ ಜೊತೆ ಸಹ ಅರ್ಜಿದಾರರಾಗಿ, ಮನೆಯಲ್ಲಿ ನಿಮ್ಮ ಹೆಸರೂ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಸ್ಕೋರಿಗಿಂತ ನನಗೆ ಭಯ ಇರುವುದು ಆ ಮನೆಯ ಪತ್ರದ ಬಗ್ಗೆ. ಊರ ಅಂಚು ಅಂದರೆ ರೆವಿನ್ಯೂ ಸೈಟು ಇದ್ದೀತು. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ಬಿ ಖಾತಾ ಅಂದರೆ ಬಹಳಷ್ಟು ಬ್ಯಾಂಕುಗಳು ಹಿಂಜರಿಯುತ್ತವೆ. ಮಾರುವವರಿಂದ ಮೂಲ ಕ್ರಯಪತ್ರದಿಂದ ಹಿಡಿದು ಎಲ್ಲದರ ಜೆರಾಕ್ಸ್ ಕೇಳಿ. 30 ವರ್ಷದ ಇಸಿ ತೆಗೆಸಿ. ಕೊಡಲು ಹಿಂದೆ ಮುಂದೆ ನೋಡಿದರೆ ಆ ಮನೆ ಬಿಟ್ಟುಬಿಡಿ. ಮೈಸೂರಿನಲ್ಲಿ ಮನೆಗಳಿಗೆ ಬರವಿಲ್ಲ.

ಪುಟ್ಟಿಗೆ ಒಂದು ಫೈಲು ಮಾಡಲು ಹೇಳಿದ್ದೇನೆ. ಆರು ತಿಂಗಳ ಸಂಬಳದ ಚೀಟಿ, ಎರಡು ವರ್ಷದ ಫಾರಂ 16, ಸಂಬಳ ಬೀಳುವ ಖಾತೆಯ ಸ್ಟೇಟ್‌ಮೆಂಟು, ಬಾಡಿಗೆ ಕರಾರು ಮತ್ತು ಬಾಡಿಗೆ ಕಳಿಸಿದ ಯುಪಿಐ ದಾಖಲೆ, ಆರ್‌ಡಿ ಪುಸ್ತಕ, ಕರೆಂಟ್ ಬಿಲ್ಲು. ಮೊದಲು ಸಂಬಳದ ಖಾತೆ ಇರುವ ಬ್ಯಾಂಕಿಗೇ ಹೋಗಲಿ, ಅವಳ ದುಡ್ಡಿನ ನಡೆ ಅವರಿಗೆ ಗೊತ್ತು. ಬಾಡಿಗೆ, ಆರ್‌ಡಿ ಕಾಗದವನ್ನು ಅವರಾಗಿ ಕೇಳುವುದಿಲ್ಲ, ಇವಳೇ ಮುಂದಿಡಬೇಕು. ಸಾಲ ಮಂಜೂರಾದರೆ ರುಜುವಿಗೆ ಮುಂಚೆ ಕೆಎಫ್‌ಎಸ್ ಅನ್ನುವ ಹಾಳೆ ಕೇಳಿ ಪಡೆಯಲಿ. ಬಡ್ಡಿ, ಫೀಸು, ವಿಮೆ ಎಲ್ಲ ಅದರಲ್ಲಿ ಒಂದೇ ಕಡೆ ಬರೆದುಕೊಡುವುದು 2024ರ ಅಕ್ಟೋಬರ್‌ನಿಂದ ಕಡ್ಡಾಯ. ಸಾಲ ಇಲ್ಲ ಅಂದರೆ, ಕೌಂಟರಿನಲ್ಲಿ ಹೇಳಿದ ‘ಕಷ್ಟ’ವನ್ನು ಕೇಳಿಕೊಂಡು ಎದ್ದು ಬರಬೇಡ ಅಂದಿದ್ದೇನೆ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೋ. ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸುವುದು ಬ್ಯಾಂಕಿನ ಕರ್ತವ್ಯ. ಆ ಕಾಗದದಲ್ಲಿ ಚರಿತ್ರೆ ಇಲ್ಲ ಅನ್ನುವುದೊಂದೇ ಇದ್ದರೆ ಮೊದಲು ಆ ಬ್ಯಾಂಕಿಗೇ ದೂರು ಬರೆಯೋಣ. 30 ದಿನ ಕಳೆದರೂ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ. ಬರೆದುಕೊಡಲು ನಾನಿದ್ದೇನೆ.