ವೈಫೈ ಕಳ್ಳ ಸಾಹೇಬರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ವೈಫೈ ಕಳ್ಳ ಸಾಹೇಬರಿಗೆ,

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಸಮಸ್ತ ಪುಕ್ಕಟೆ ಇಂಟರ್‌ನೆಟ್ ಪ್ರಿಯರ ಪರವಾಗಿ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ನಿಮ್ಮ ಕ್ಷೇಮಕ್ಕಾಗಿಯೂ ನಾವೇ ಹಗಲಿರುಳು ದುಡಿಯುತ್ತಿದ್ದೇವೆ.

ನಿಮ್ಮ ಧಂದೆಗೆ ಕುತ್ತು ಬಂದ ಸಂಗತಿ ತಿಳಿದು ಬಹಳ ಬೇಸರವಾಯಿತು. 2010ರ ಅಕ್ಟೋಬರ್‌ನಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಂದಾಗ ನಿಮಗೆ ಸುಗ್ಗಿಯೋ ಸುಗ್ಗಿ. ಆಗ ಬಹಳಷ್ಟು ತಾಣಗಳು ಲಾಗಿನ್ ಆಗುವಾಗ ಮಾತ್ರ ಪಾಸ್‌ವರ್ಡ್ ಮುಚ್ಚಿಟ್ಟು, ಆಮೇಲೆ ಲಾಗಿನ್ ಆದವರ ಗುರುತುಚೀಟಿಯಾದ ಕುಕಿಯನ್ನು ಬಟಾಬಯಲಿನಲ್ಲಿ ಕಳಿಸುತ್ತಿದ್ದವು. ಪಾಸ್‌ವರ್ಡ್ ಇಲ್ಲದ ವೈಫೈ ಇರುವ ಹೋಟೆಲಿನಲ್ಲಿ ಕುಳಿತು, ಆ ಕುಕಿ ಎತ್ತಿಕೊಂಡು, ಪಕ್ಕದ ಟೇಬಲ್ಲಿನವರ ಫೇಸ್‌ಬುಕ್ಕಿನೊಳಗೆ ನೆಟ್ಟಗೆ ನುಗ್ಗಬಹುದಿತ್ತು. ಹಾಳಾದ ಗೂಗಲ್ ಅದೇ ವರ್ಷದ ಜನವರಿಯಲ್ಲೇ ಜಿಮೇಲ್ ಬಳಸುವವರಿಗೆಲ್ಲ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಹೊದಿಕೆ ಹಾಕಿಕೊಟ್ಟಿತ್ತು. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹಿಡಿದರು. ಈಗ ಗಾಳಿಯಲ್ಲಿ ನಮ್ಮ ಮೇಲ್ ಹಿಡಿದರೆ ನಿಮಗೆ ಸಿಗುವುದು ಅಕ್ಷರಗಳ ಕಲಸುಮೇಲೋಗರ. ಯಾವ ತಾಣಕ್ಕೆ ಹೋದೆವು ಎಂಬ ಸುಳಿವೇನೋ ಸಿಕ್ಕೀತು, ಅದರಿಂದ ಹೊಟ್ಟೆ ತುಂಬುತ್ತದೆಯೇ?

ಆದರೂ ಎದೆಗುಂದಬೇಡಿ. ನೀವು ಕದಿಯಲಾಗದ್ದನ್ನು ನಾವೇ ಕೈಯಾರೆ ಕೊಡುತ್ತೇವೆ.

ಹೆಸರಿನ ಮೇಲೆ ನಮಗಿರುವ ಭಕ್ತಿಯನ್ನೇ ನೋಡಿ. ‘ಚಿಕ್ಕೋಡಿ ರೋಡ್’ ಎಂಬ ಬೋರ್ಡ್ ಕಂಡು ರೈಲಿನಿಂದ ಇಳಿದವನು ಚಿಕ್ಕೋಡಿ ಮುಟ್ಟಬೇಕಾದರೆ ಮತ್ತೊಂದು ಗಾಡಿ ಹಿಡಿಯಲೇಬೇಕು. ಇದನ್ನು ಬಲ್ಲ ನಾವೇ ಮೊಬೈಲಿನಲ್ಲಿ ‘ಫ್ರೀ ವೈಫೈ’ ಎಂದು ಕಂಡರೆ ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ. ಅದು ಸ್ಟೇಷನ್ನಿನದೋ, ನಿಮ್ಮ ಬ್ಯಾಗಿನೊಳಗಿನ ಡಬ್ಬಿಯದೋ ಎಂದು ವಿಚಾರಿಸುವ ಚಾಳಿ ನಮಗಿಲ್ಲ. ಸ್ಟೇಷನ್ನಿನ ಅಸಲಿ ವೈಫೈಯಾದ ರೈಲ್‌ವೈರ್ ಕೇಳುವುದು ಮೊಬೈಲ್ ನಂಬರ್ ಮತ್ತು ಒಟಿಪಿ. ನೀವು ಇಮೇಲ್ ಪಾಸ್‌ವರ್ಡನ್ನೂ ಕೇಳಿ ನೋಡಿ. ನಾಲ್ಕು ರೀಲ್ಸ್ ಆಸೆಗೆ ಅದನ್ನೂ ಒತ್ತುತ್ತೇವೆ. 2024ರಲ್ಲಿ ಆಸ್ಟ್ರೇಲಿಯಾದ ಪೊಲೀಸರು ಒಬ್ಬನ ಮೇಲೆ ಕೇಸು ಹಾಕಿದರು. ವಿಮಾನ ನಿಲ್ದಾಣದಲ್ಲೂ ವಿಮಾನದಲ್ಲೂ ನಕಲಿ ವೈಫೈ ಹರಡಿ ಮೇಲ್ ಲಾಗಿನ್ ಕೇಳುತ್ತಿದ್ದನೆಂಬುದು ಆಗಿನ ಆರೋಪ. ಅಷ್ಟು ಎತ್ತರಕ್ಕೆ ಹಾರುವ ಖರ್ಚು ನಿಮಗೇಕೆ? ನಮ್ಮಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಸಾಕು.

ನಿಪ್ಪಾಣಿ ಹೆದ್ದಾರಿಯ ಯಾವುದೇ ಲಾಡ್ಜಿಗೆ ಬನ್ನಿ. ಗಲ್ಲೆಯ ಹಿಂದೆ, ಕ್ಯಾಲೆಂಡರಿನ ಕೆಳಗೆ, ಲಾಡ್ಜಿನ ಹೆಸರು ಮತ್ತು 123 ಎಂದು ಬರೆದಿರುತ್ತದೆ. ರೌಟರ್ ಕೂರಿಸಿದ ದಿನ ಇಟ್ಟ ಪಾಸ್‌ವರ್ಡ್ ಅದು. ಪುಣೆಯಿಂದ ಬೆಂಗಳೂರಿಗೆ ಹೋಗುವ ಡ್ರೈವರುಗಳಿಗೆಲ್ಲ ಬಾಯಿಪಾಠ. ಡಬ್ಲ್ಯುಪಿಎ2 ಎಂಬ ಬೀಗ ಹಾಕಿದ ವೈಫೈಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ, ಅದು ಗೊತ್ತಿದ್ದವನು ಪಕ್ಕದವನ ಸಂಪರ್ಕದ ಮೊದಲ ಮಾತುಕತೆ ಹಿಡಿದು ವೈಫೈ ಹೊದಿಕೆ ಬಿಚ್ಚಬಲ್ಲ. ಒಳಗಿನ ಎಚ್‌ಟಿಟಿಪಿಎಸ್ ಆಗಲೂ ಅಡ್ಡ ಬರುತ್ತದೆ ನಿಜ. ಹಾಗಾದರೆ ನಕಲಿ ಪುಟ ತೋರಿಸಿ. ಬ್ರೌಸರ್ ‘ಇದು ಸುರಕ್ಷಿತವಲ್ಲ’ ಎಂದು ಕೆಂಪಗೆ ಕಿರುಚಿಕೊಳ್ಳುತ್ತದೆ. ನಾವು ಅದಕ್ಕೂ ‘ಮುಂದುವರಿಯಿರಿ’ ಒತ್ತುವ ಉದಾರಿಗಳು.

ಅಥಣಿ ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅಂಗಡಿಗೆ ಬಂದರಂತೂ ನಿಮಗೆ ಕಂಪ್ಯೂಟರ್ ವಿದ್ಯೆಯೇ ಬೇಡ.

“ಕಾಕಾ, ಮೇಲಿಗೆ ಪಾಸ್‌ವರ್ಡ್ ಏನ್ ಇಡ್ಲೀ?”

“ನೀನ ಏನರ ಒಂದ ಹಾಕಪಾ, ಬರದ ಇಟ್ಕೋ.”

ಅಂಗಡಿಯ ಹುಡುಗ ಬರೆದಿಟ್ಟುಕೊಳ್ಳುತ್ತಾನೆ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಹೆಸರು ಮತ್ತು ಮೊಬೈಲ್ ನಂಬರಿನ ಸಮೇತ. ಎಷ್ಟೋ ತಾಣಗಳ ಪಾಸ್‌ವರ್ಡ್ ಮರೆತರೆ ಹೊಸದು ಮಾಡುವ ಲಿಂಕ್ ಬಂದು ಬೀಳುವುದು ಇದೇ ಮೇಲಿಗೆ ಎಂದು ಗಿರಾಕಿ ಕಾಕಾಗೆ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.

ವೈಫೈ ಬಾಗಿಲು ಹಾರು ಹೊಡೆದಿಡುವ ಅಂಗಡಿ, ಮನೆಗಳ ಮಾಲೀಕರೂ ನಿಮ್ಮವರೇ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬು ಸಿಡಿಯುವ ತುಸು ಮೊದಲು ಟಿವಿ ಚಾನೆಲ್‌ಗಳಿಗೆ ಬೆದರಿಕೆಯ ಮೇಲ್ ಬಂತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈಯ ಒಂದು ಮನೆ ಮುಂದೆ. ಆ ಮನೆಯ ವೈಫೈ ಬೇರೊಬ್ಬರಿಗೆ ಉಪಯೋಗವಾಗಿತ್ತು. ಕದ್ದವನು ಕಾಣುವುದಿಲ್ಲ, ಪೊಲೀಸರಿಗೆ ಮೊದಲು ಕಾಣುವುದು ಒಡೆಯನ ವಿಳಾಸ. ನಿಮಗೆ ಇದಕ್ಕಿಂತ ಸುಖ ಬೇಕೆ?

ಒಂದೇ ತೊಡಕು: ಇದು ಬಹಿರಂಗ ಪತ್ರ, ನಮ್ಮ ಮಂದಿಯೂ ಓದಿಬಿಡಬಹುದು. ಓದಿದರೆ ಇಷ್ಟಾದರೂ ಮಾಡಲಿ. ವೈಫೈ ಪುಟ ಇಮೇಲ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟೇಳಲಿ. ಬ್ರೌಸರ್ ಎಚ್ಚರಿಸಿದರೆ ಹಿಂದೆ ಸರಿಯಲಿ. ಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಲಿ, ಬ್ಯಾಂಕಿನ ಕೆಲಸ ಸ್ವಂತ ಸಿಮ್ಮಿನ ಡೇಟಾದಲ್ಲೇ ಮುಗಿಸಲಿ. ಅಂಗಡಿಯಲ್ಲಿ ಮೇಲ್ ತೆರೆದವರು ಲಾಗೌಟ್ ಆಗಿ, ಮನೆಗೆ ಹೋಗಿ ಪಾಸ್‌ವರ್ಡ್ ಬದಲಿಸಲಿ. ಮೋಸವಾಗಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಲಿ. ಕಾಗವಾಡದಲ್ಲಿ ಮೊಬೈಲು ಮಹಾರಾಷ್ಟ್ರದ ಟವರ್ ಹಿಡಿದರೂ ನಂಬರ್ ಅದೇ.

ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ವಂಚಿಸಿದವರಿಗೆ ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಹಿಂಡಲಗಾ ಜೈಲು ನಮ್ಮ ಜಿಲ್ಲೆಯಲ್ಲೇ ಇದೆ, ಸಾಹೇಬರೇ.

ಇಂತಿ ನಿಮ್ಮ ವಿಶ್ವಾಸಿ,
ಐದು ತಾಲ್ಲೂಕಿನ ಒಬ್ಬ ಪುಕ್ಕಟೆ ವೈಫೈ ಫಲಾನುಭವಿ