ಕವಡೆ ಹಾಕದ ಆಟಗಾರ

ಚೌಕಾಬಾರದ ಮನೆ ಬರೆಯಲು ಒಂದು ತುಂಡು ಸುಣ್ಣ ಸಾಕು. ಐದು ಅಡ್ಡ, ಐದು ಉದ್ದ, ಒಟ್ಟು ಇಪ್ಪತ್ತೈದು ಮನೆ. ನಾಲ್ಕೂ ಬದಿಯ ನಡುಮನೆಗೆ, ನಟ್ಟನಡುವಿನ ಮನೆಗೆ ಒಂದೊಂದು ಕಾಟು. ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯ ಪಾಳಿ ಬರುವತನಕ ಪಡಸಾಲೆಯಲ್ಲಿ ಇಷ್ಟು ಗೀಚಿಕೊಂಡು ಕೂತರೆ ನಮ್ಮ ಚಿಮ್ಮಡದ ಅರ್ಧ ಓಣಿ ಸುತ್ತ ನೆರೆಯುತ್ತದೆ. ಆಡುವವರು ನಾಲ್ವರು, ಆಡಿಸುವವರಿಗೆ ಲೆಕ್ಕವಿಲ್ಲ. ಇವರಲ್ಲಿ ಯಾರೂ ನಿಯಮ ಓದಿ ಕಲಿತವರಲ್ಲ. ಬೈಸಿಕೊಂಡು ಕಲಿತವರು.

ಆಟದ ಮನೆ, ನಿಯಮ ಎಲ್ಲವನ್ನೂ ಬರೆದಿಡುವ ಹುಚ್ಚು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಿತ್ತು (1794–1868). ಅವರ ಶ್ರೀತತ್ತ್ವನಿಧಿಯಲ್ಲಿ ಇಂಥ ವಿನೋದಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಕಬ್ಬು ಕಡಿದು, ಮಗ್ಗ ನಡೆಸಿ ಉಳಿದ ಹೊತ್ತಿನಲ್ಲಿ ಆಡುವ ನಮ್ಮ ಕಡೆಯವರಿಗೆ ಅಷ್ಟು ಪುರಸೊತ್ತಿರಲಿಲ್ಲ.

ಆ ಬಾಕಿ ಕೆಲಸ ಈಗ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನ ತಲೆಗೆ ಬಂದಿದೆ. ಅವನು ಚೌಕಾಬಾರ ಆಡುವ ಎಐ ಏಜೆಂಟ್ ಕಟ್ಟುತ್ತಿದ್ದಾನೆ. ಮಾತು ಬಲ್ಲ ಎಐಗೆ ಕೈಯಿಲ್ಲ. 2016ರಲ್ಲಿ ಸೋಲ್ ನಗರದಲ್ಲಿ ಗೋ ಆಡುವ ಎಐ ಆಲ್ಫಾಗೋ, ಆಟಗಾರ ಲೀ ಸೆಡಾಲ್‌ರನ್ನು 4–1ರಿಂದ ಸೋಲಿಸಿದಾಗ ಅದರ ಪರವಾಗಿ ಹಲಗೆಯ ಮೇಲೆ ಕಲ್ಲಿಟ್ಟವರು ಆಜಾ ಹುವಾಂಗ್ ಎಂಬ ಮನುಷ್ಯ. ಗೋ ಆಟ ಬಲ್ಲವರು. ಅವರಿಗೆ ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ಈಗಿನ ಏಜೆಂಟಿಗೆ ಹುವಾಂಗ್ ಬದಲು ಟೂಲುಗಳಿವೆ: ಕವಡೆ ಹಾಕಲು ಒಂದು, ಕಾಯಿ ನಡೆಸಲು ಒಂದು, ಮನೆ ನೋಡಲು ಒಂದು. ಪ್ರತಿ ಟೂಲಿಗೂ ಒಂದು ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ತುಂಬಿಕೊಡಬೇಕೆಂಬ ಪಟ್ಟಿ. ಒಳಗಿನ ಕೋಡು ಏಜೆಂಟಿಗೆ ಕಾಣುವುದಿಲ್ಲ. ಅದು ನಂಬುವುದು ಆ ನಾಲ್ಕು ಸಾಲನ್ನಷ್ಟೇ.

ಕಾಯಿ ನಡೆಸುವ ಟೂಲಿಗೆ ಹುಡುಗ ಮೊದಲು ಬರೆದದ್ದು ಹೀಗೆ: 'ಕಾಯಿಯನ್ನು ಮುಂದೆ ನಡೆಸುತ್ತದೆ. ಕಾಯಿ ಯಾವುದು, ಎಷ್ಟು ಮನೆ ಎಂಬುದನ್ನು ತಿಳಿಸಿ.' ಓದಲು ಅಚ್ಚುಕಟ್ಟು. ಆದರೆ ಹೊರಸುತ್ತು ಎಡಕ್ಕೆ ಹೋದರೆ ಒಳಸುತ್ತು ಬಲಕ್ಕೆ. ಮುಂದೆ ಎಂದರೆ ಯಾವ ಕಡೆ? ಮನೆಗಳ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ? ಇವೆಲ್ಲ ಹೋಗಲಿ, ಏಜೆಂಟ್ ಮಾಡಿದ್ದೇ ಬೇರೆ. ಕವಡೆಯ ಟೂಲನ್ನು ಮುಟ್ಟಲೇ ಇಲ್ಲ. ಪ್ರತಿ ಸಲವೂ 'ಎಂಟು ಮನೆ' ಎಂದು ತುಂಬಿ ನಡೆಯಿತು. ಅದು ಕಳ್ಳಾಟವೆಂದು ನನಗನ್ನಿಸುವುದಿಲ್ಲ. ಎಷ್ಟು ಮನೆ ಎಂದು ಕೇಳಿದರು, ಇದ್ದುದರಲ್ಲಿ ಒಳ್ಳೆಯದನ್ನು ಹೇಳಿತು. ಅಂಥವರು ನಮ್ಮ ಓಣಿಯಲ್ಲೂ ಇದ್ದಾರೆ. ಆದರೆ ಅವರು ಮರ್ಯಾದೆಗಾದರೂ ಒಮ್ಮೆ ಕವಡೆ ಹಾಕಿ ಆಮೇಲೆ ಗದ್ದಲ ತೆಗೆಯುತ್ತಾರೆ.

ಹುಡುಗ ಸಂಖ್ಯೆ ಕೇಳುವುದನ್ನೇ ತೆಗೆದುಹಾಕಿದ. ಬಿದ್ದದ್ದೆಷ್ಟು ಎಂಬುದು ಟೂಲಿಗೇ ಗೊತ್ತಿರುವಾಗ ಏಜೆಂಟನ್ನು ಯಾಕೆ ಕೇಳಬೇಕು? ಬೇಡದ್ದನ್ನು ಕೇಳದಿದ್ದರೆ ವಿವರಣೆಯ ಅರ್ಧ ಸಂಕಟ ಅಲ್ಲಿಗೇ ನೀಗುತ್ತದೆ. ಆಮೇಲೆ ಅವನು ಬರೆದದ್ದು: 'ಕವಡೆ ಹಾಕಿದ ಮೇಲೆಯೇ ಇದನ್ನು ಬಳಸಿ. ನಾಲ್ಕೂ ಕವಡೆಯ ಬಾಯಿ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡಕ್ಕೂ ಮತ್ತೊಮ್ಮೆ ಹಾಕಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ.' ಇಷ್ಟಕ್ಕೆ ನಿಲ್ಲದೆ, ಯಾವಾಗ ಯಾವ ಕಾಯಿ ನಡೆಸಿದರೆ ಗೆಲ್ಲಬಹುದೆಂಬ ಉಪದೇಶವನ್ನೂ ಎರಡು ಪುಟ ಸೇರಿಸಿದ. ಏಜೆಂಟ್ ಉಪದೇಶ ಹಿಡಿದು ನಿಯಮ ಬಿಟ್ಟಿತು. ಟೂಲು ಹೇಗೆ ಹಿಡಿಯಬೇಕೆಂಬುದು ಬೇರೆ, ಹೇಗೆ ಗೆಲ್ಲಬೇಕೆಂಬುದು ಬೇರೆ. ಸುತ್ತ ನಿಂತು ಆಡಿಸುವವರಿಗೆ ಈ ಭೇದ ಎಂದೂ ತಿಳಿದದ್ದಿಲ್ಲ.

ತಪ್ಪು ನಡೆದರೆ ಏನು ಹೇಳಬೇಕು? ಪ್ರೋಗ್ರಾಮ್ 'ತಪ್ಪು ನಡೆ' ಎನ್ನುತ್ತಿತ್ತು, ಏಜೆಂಟ್ ಅದೇ ನಡೆಯನ್ನು ಮತ್ತೆ ಒಪ್ಪಿಸುತ್ತಿತ್ತು. ಇದು ಅವನೊಬ್ಬನ ಗೋಳಲ್ಲ. 2025ರ ಆಗಸ್ಟ್‌ನಲ್ಲಿ ಕ್ಯಾಗಲ್ ಗೇಮ್ ಅರೆನಾದ ಚೆಸ್ ಪಂದ್ಯದಲ್ಲಿ ಭಾಷಾ ಮಾದರಿಗಳಿಗೆ ನಡೆಯಬಹುದಾದ ನಡೆಗಳ ಪಟ್ಟಿ ಕೊಟ್ಟಿರಲಿಲ್ಲ. ಅವುಗಳಲ್ಲೊಂದಾದ ಕಿಮಿ ಕೆ2 ನಿಯಮಕ್ಕೆ ಕೂಡದ ನಡೆಗಳಿಂದಲೇ ನಾಲ್ಕಕ್ಕೆ ನಾಲ್ಕೂ ಆಟ ಕಳೆದುಕೊಂಡಿತು. ಲೋಕಕ್ಕೆಲ್ಲ ಗೊತ್ತಿರುವ ಚೆಸ್ಸಿನ ಪಾಡೇ ಹೀಗಾದರೆ ಚೌಕಾಬಾರದ್ದೇನು? ನಮ್ಮವ್ವ ಮೊಮ್ಮಕ್ಕಳಿಗೆ ಬೈಯುವ ರೀತಿಯನ್ನು ನಾನು ಅವನಿಗೆ ನೆನಪಿಸಿದೆ: "ಇನ್ನೂ ಒಂದೂ ಕಾಯಿ ಹೊಡದಿಲ್ಲ, ಒಳಗ ಹೆಂಗ ಹೋಗ್ತಿ? ಹಿಂದಿನ ಕಾಯಿ ಐತೆಲ್ಲ, ಅದನ್ನ ನಡಸು." ಯಾಕೆ ಆಗದು, ಬದಲಿಗೆ ಏನು ಆದೀತು, ಎರಡೂ ಒಂದೇ ಉಸಿರಿನಲ್ಲಿ. ಹುಡುಗ ಅದನ್ನೇ ಇಳಿಸಿಕೊಂಡ. ಕಾರಣ, ಆಮೇಲೆ ನಡೆಸಬಹುದಾದ ಕಾಯಿಗಳ ಹೆಸರು. ಬೈಗುಳ ಮಾತ್ರ ಬಿಟ್ಟ.

ಉಳಿದದ್ದು ಒಂದೇ ತಕರಾರು. ಸಾಲಾಗಿ ಮೂರು ಸಲ ಚೌಕ ಬಿದ್ದರೆ ಅವು ಸುಟ್ಟುಹೋಗುತ್ತವೋ, ನಡೆಯುತ್ತವೋ? ಅವ್ವ ಸುಡುತ್ತವೆ ಅಂದಳು. ತೇರದಾಳಕ್ಕೆ ಕೊಟ್ಟ ಸೋದರತ್ತೆ ಪಕ್ಕದಲ್ಲೇ ಕೂತು, ಬಿದ್ದದ್ದು ಬಿದ್ದದ್ದೇ ಅಂದಳು. ಇಬ್ಬರನ್ನೂ ಎದುರು ಹಾಕಿಕೊಳ್ಳಲಾರದೆ ಹುಡುಗ ಟೂಲಿಗೆ 'ಊರು' ಎಂದೊಂದು ಖಾನೆ ಸೇರಿಸಿದ: ಚಿಮ್ಮಡ ಅಥವಾ ತೇರದಾಳ, ಖಾಲಿ ಬಿಟ್ಟರೆ ಚಿಮ್ಮಡ. ಏಜೆಂಟ್ ಅರ್ಧ ಆಟ ಚಿಮ್ಮಡದ ಪದ್ಧತಿಯಲ್ಲೇ ಆಡಿತು. ಎರಡು ಚೌಕ ಬಿದ್ದು, ಮೂರನೆಯದೂ ಚೌಕವೇ ಆದದ್ದೇ ತಡ, ಖಾನೆಯಲ್ಲಿ ತೇರದಾಳ ಎಂದು ತುಂಬಿತು. ಆಟದ ನಡುವೆ ಊರು ಬದಲಿಸಬಾರದೆಂದು ವಿವರಣೆಯಲ್ಲಿ ಎಲ್ಲಿಯೂ ಇರಲಿಲ್ಲ. ಹುಡುಗ ಅದನ್ನು ಬರೆಯಲು ಕೂತ. ಅತ್ತೆ, "ಇರ್ಲಿ ಬಿಡೋ, ಶಾಣ್ಯಾ ಐತಿ ಅದು" ಅಂದಳು.